‘ಮಾದಾಮ ಬಟರ್‌ಫ್ಲೈ’ ಎಂಬ ಸಂಗೀತನಾಟಕವೂ ಅದರ ಧ್ವನಿಮುದ್ರಿಕೆಗಳೂ

ಇಟಲಿ ದೇಶದ ಸಂಗೀತನಾಟಕಗಳು ಅಸಂಖ್ಯಾತವಾಗಿದ್ದರೂ ಲೋಕವೆಲ್ಲವೂ ಅಕ್ಕರೆಯಿಂದ ಕೇಳುತ್ತಾ ಬಂದಿರುವವು ಕೆಲವು ಮಾತ್ರ. ಆ ಕೆಲವುಗಳಲ್ಲಿ ಜಾಕೊಮೊ ಪುಚ್ಚೀನಿಯು ರಚಿಸಿದ ‘ಮಾದಾಮ ಬಟರ್‌ಫ್ಲೈ’ ಎಂಬುದಕ್ಕೆ ನಮ್ಮಂಥ ಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿಶೇಷವಾದ ಹಕ್ಕುಂಟೆಂದು ನನಗೆ ತೋರುತ್ತದೆ. ಅದರ ನಾಯಕಿಯು ೧೫ ವರ್ಷದ ಹುಡುಗಿ. ಮನೆಯವರಾರಿಗೂ ತಿಳಿಸದೆ ಒಬ್ಬಳೇ ಮಿಶನ್ನಿಗೆ ಹೋಗಿ ಬಂದವಳು. ಹೋಗಿ ಬಂದ ಕಾರಣಕ್ಕಾಗಿಯೇ ಬಂಧುಬಳಗದವರಿಂದ ತ್ಯಜಿಸಲ್ಪಟ್ಟವಳು. ಹೀಗಿರುವಲ್ಲಿ, ಮಿಶನ್ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಲಿತವರು ಈ ನಾಟಕವನ್ನು ಬರಿಯ ವಿನೋದಕ್ಕಾಗಿ ಕೇಳಿ ಎದ್ದು ಹೋಗುವುದು ಸುಲಭವಲ್ಲ.

ಈ ಸಂಗೀತನಾಟಕವನ್ನು ಆದಿಯಿಂದ ಅಂತ್ಯದವರೆಗೆ ಹಾಡಿ ಮುದ್ರಿಸಿರುವ ಧ್ವನಿಮುದ್ರಿಕೆಗಳು ಅನೇಕವಿವೆ. ಅವುಗಳಲ್ಲಿ ಹೆಸರಾಂತ ಆರನ್ನು ಆರಿಸಿಕೊಂಡು, ಆ ಹುಡುಗಿಯ ಮಾತು ನಿಜವೆಂದು ನಂಬುವಂತೆ ಯಾವ ಗಾಯಕಿಯು ಹಾಡಿದ್ದಾಳೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಂಗೀತನಾಟಕ, ಅಂದರೆ ಒಪೆರಾ, ಎಂಬುದರ ಪರಿಚಯವಿಲ್ಲದ ತಾಯಿತಂದೆಗಳಿಗಾಗಿ ಒಂದು ಮಾತು. ನಮ್ಮ ಕಂಪೆನಿ ನಾಟಕಗಳಲ್ಲಿ ಪಾತ್ರಧಾರಿಗಳು ಮಾತನಾಡುತ್ತಾ ನಡುನಡುವೆ ಹಾಡುತ್ತಿದ್ದರು. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿಗಳು ಅರ್ಥ ಹೇಳುತ್ತಾರೆ. ಪುಚ್ಚೀನಿಯ ಒಪೆರಾದಲ್ಲಿಯಾದರೋ ಚಹ ಬೇಕೇ ಎಂದು ಕೇಳುವುದರಿಂದ ಹಿಡಿದು ಪ್ರಾಣ ಬಿಡುವ ತನಕ ಎಲ್ಲವೂ ಹಾಡೇ. ಅರವತ್ತು ಎಪ್ಪತ್ತು ಮಂದಿಯ ವಾದ್ಯಮೇಳವು ಅದರೊಡನೆ ಎಡೆಬಿಡದೆ ನುಡಿಯುತ್ತಿರುತ್ತದೆ. ಆ ಮೇಳವನ್ನೂ ಗಾಯಕರನ್ನೂ ಕೈಸನ್ನೆಯಿಂದ ನಡಿಸುವ ಮೇಳನಾಯಕನೊಬ್ಬನಿರುತ್ತಾನೆ. ಹಾಡುವವಳ ಗುಣದೋಷಗಳಷ್ಟೇ ಅವನ ಗುಣದೋಷಗಳೂ ಧ್ವನಿಮುದ್ರಿಕೆಯಲ್ಲಿ ಕೇಳಿಬರುತ್ತವೆ.

ಕಥೆಯು ಹೀಗಿದೆ. ಜಪಾನಿನ ನಾಗಸಾಕಿ ಬಂದರಿಗೆ ಬಂದಿಳಿದ ಪಿಂಕರ್ಟನ್ ಎಂಬ ಅಮೆರಿಕನ್ ನೌಕಾಧಿಕಾರಿಯು ಗುಡ್ಡದ ಮೇಲಿನ ಒಂದು ಮನೆಯನ್ನು ೯೯೯ ವರ್ಷಗಳ ಗುತ್ತಿಗೆಗೆ ತೆಗೆದುಕೊಳ್ಳುತ್ತಾನೆ. ಬೇಡವೆನಿಸಿದ ತಿಂಗಳಲ್ಲಿ ಬಿಟ್ಟುಬಿಡುವ ಹಕ್ಕೂ ಅವನಿಗುಂಟು. ಅದೇ ತೆರನಾದ ಕರಾರಿನ ಮೇಲೆ, ಗೋರೊ ಎಂಬ ದಲ್ಲಾಳಿಯ ಮುಖಾಂತರ, ೧೦೦ ಯೆನ್ ವೆಚ್ಚ ಮಾಡಿ ಚೋ-ಚೋ-ಸಾನ್ ಎಂಬ ಹುಡುಗಿಯನ್ನು ಮದುವೆಯಾಗುತ್ತಾನೆ. ಜಪಾನೀ ಭಾಷೆಯಲ್ಲಿ ‘ಚೋ’ ಎಂದರೆ ಚಿಟ್ಟೆ. ಬಟರ್‌ಫ್ಲೈ ಎಂಬ ಹೆಸರು ಹೀಗೆ ಬಂದುದು. ಸಿರಿವಂತಿಕೆಯಿಂದ ಬಡತನಕ್ಕಿಳಿದ ಮನೆತನದ ಮಗಳು. ತಂದೆಯು ಚಕ್ರವರ್ತಿಯ ಅಪ್ಪಣೆಯಂತೆ ತನ್ನ ಕೈಯಿಂದಲೇ ಪ್ರಾಣ ಬಿಟ್ಟವನು. ಹಾಡಿ ಕುಣಿದು ಹೊಟ್ಟೆ ಹೊರೆದುಕೊಂಡವಳು. ಇತ್ತ ವರನಾದರೋ ಮದುವೆಯ ದಿನವೇ ಬಟ್ಟಲನ್ನೆತ್ತಿ, ಮುಂದೊಂದು ದಿನ ನಿಜವಾದ ಅಮೆರಿಕನ್ ಹೆಂಡತಿಯನ್ನು ವರಿಸುವ ಶುಭಕಾಲಕ್ಕೆಂದು ಹೇಳಿ ಕುಡಿಯುತ್ತಾನೆ. ಆ ಬಳಿಕ ಅವನು ಹಡಗೇರಿ ಹೋಗುತ್ತಾನೆ. ಅವಳು ಗಂಡುಮಗುವೊಂದನ್ನು ಹೆತ್ತು, ದಾಸಿಯಾದ ಸುಜುಕಿಯೊಡನೆ ಮೂರು ವರ್ಷ ಕಾದಿರುತ್ತಾಳೆ. ಕಡೆಗೆ ಹಡಗು ಬರುತ್ತದೆ. ಅವನು ತನ್ನ ಅಮೆರಿಕನ್ ಹೆಂಡತಿಯೊಡನೆ ಬಂದಿದ್ದಾನೆ; ಬಂದುದು ಮಗುವನ್ನು ಕೊಂಡೊಯ್ಯಲಿಕ್ಕಾಗಿ. ಅವಳು ಮಗುವನ್ನು ಕೊಡಲೊಪ್ಪಿ, ತಂದೆಯ ಚೂರಿಯಿಂದ ಪ್ರಾಣ ಕಳೆದುಕೊಳ್ಳುತ್ತಾಳೆ.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇಂಥ ಕಥೆ ಏತಕ್ಕೆಂದು ಹಿರಿಯರಾರಾದರೂ ಕೇಳಿಯಾರು. ಅವರಿಗೆ ಇದು ಬಂದ ದಾರಿಯನ್ನು ತಿಳಿಸಬೇಕು. ೧೮೯೮ರಲ್ಲಿ ಅಮೆರಿಕದ ಒಂದು ಮಾಸಪತ್ರಿಕೆಯಲ್ಲಿ ಈ ಕಥೆಯನ್ನು ಬರೆದವನು ಜಾನ್ ಲೂಥರ್ ಲಾಂಗ್. ಅವನು ಜಪಾನನ್ನು ಕಂಡವನಲ್ಲ. ಅವನ ಅಕ್ಕ ಜೆನ್ನಿ ಕೊರೆಲ್ ಎಂಬಾಕೆಯು ಮೆಥಡಿಸ್ಟ್ ಮಿಶನರಿಯೊಬ್ಬರ ಪತ್ನಿಯಾಗಿ ನಾಗಸಾಕಿಯಲ್ಲಿದ್ದವಳು. ಅಲ್ಲಿಯ ಒಬ್ಬ ಹುಡುಗಿಯ ವಿಷಯವಾಗಿ ಅವಳು ಹೇಳಿದುದೇ ಕಥೆಗೆ ಬೀಜವಾಯಿತು. ಆದುದರಿಂದ ಇದು ಮಿಶನ್ ಬಂಗಲೆಯ ವರಾಂಡದಿಂದಲೇ ಹೊರಟ ಕಥೆ ಎನ್ನಬಹುದು. ಡೇವಿಡ್ ಬೆಲಾಸ್ಕೊ ಎಂಬಾತನು ೧೯೦೦ರಲ್ಲಿ ಇದನ್ನು ನಾಟಕವಾಗಿ ಮಾಡಿದನು. ಅದೇ ವರ್ಷ ಲಂಡನಿನಲ್ಲಿ ಆ ನಾಟಕವನ್ನು ನೋಡಿದ ಪುಚ್ಚೀನಿಯು, ಇಂಗ್ಲಿಷ್ ಭಾಷೆ ಹೆಚ್ಚೇನೂ ತಿಳಿಯದಿದ್ದರೂ, ಮನಕರಗಿ ಅದನ್ನೇ ಆರಿಸಿಕೊಂಡನು. ಇನ್ನು ನಾಗಸಾಕಿಯು ಯಾವ ಊರು? ೧೫೯೭ರಲ್ಲಿ ೨೬ ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಿದ ಊರು. ಜಪಾನಿನಲ್ಲಿ ಕ್ರೈಸ್ತಮತಕ್ಕಿದ್ದ ನಿಷೇಧವನ್ನು ತೆಗೆದುಹಾಕಿದ್ದು ೧೮೭೩ರಲ್ಲಿ. ಅಂಥ ಊರಿನಲ್ಲಿ ಹುಡುಗಿಯೊಬ್ಬಳು ಗುಟ್ಟಾಗಿ ಮಿಶನ್ನಿಗೆ ಹೋಗಿ ಬಂದಳೆಂದರೆ ಅದು ಹಗುರವಾದ ಸಂಗತಿಯಲ್ಲ.

ಮೊದಲನೆಯ ಪ್ರಯೋಗವು ೧೯೦೪ನೆಯ ಫೆಬ್ರವರಿ ೧೭ರಂದು ಮಿಲಾನ್ ನಗರದ ಲಾ ಸ್ಕಾಲಾ ನಾಟಕಶಾಲೆಯಲ್ಲಿ ಆಯಿತು. ಪ್ರೇಕ್ಷಕರು ಕೂಗಿ, ಅಣಕಿಸಿ, ಗದ್ದಲವೆಬ್ಬಿಸಿದರು. ಪುಚ್ಚೀನಿಯು ಒಂದೇ ರಾತ್ರಿಗೆ ಅದನ್ನು ಹಿಂದೆಗೆದುಕೊಂಡು, ಉದ್ದವಾಗಿದ್ದ ಎರಡನೆಯ ಅಂಕವನ್ನು ಎರಡಾಗಿ ಒಡೆದು, ಹಲವೆಡೆ ತಿದ್ದಿ, ಮೇ ೨೮ರಂದು ಬ್ರೆಶಾ ಎಂಬ ಊರಿನಲ್ಲಿ ಮತ್ತೆ ಆಡಿಸಿದನು. ಅಲ್ಲಿಂದ ಜಯವೇ ಜಯ. ಲಾ ಸ್ಕಾಲಾದವರು ತಾವು ತಿರಸ್ಕರಿಸಿದ್ದ ಮೊದಲಿನ ರೂಪವನ್ನೇ ೨೦೧೬ರ ಡಿಸೆಂಬರಿನಲ್ಲಿ ತಮ್ಮ ವರ್ಷಾರಂಭದ ಪ್ರಯೋಗವಾಗಿ ಆಡಿದರೆಂಬುದನ್ನು ಇಲ್ಲಿ ಹೇಳಬಹುದು.

ಈಗ ಧ್ವನಿಮುದ್ರಿಕೆಗಳ ವಿಷಯ. ಅವುಗಳನ್ನು ಹೇಗೆ ಒರೆಗೆ ಹಚ್ಚಬೇಕೆಂಬುದನ್ನು ನಾಟಕವೇ ನಮಗೆ ಹೇಳಿಕೊಡುತ್ತದೆ. ಮೊದಲನೆಯ ಅಂಕದಲ್ಲಿ, ಹುಡುಗಿಯು ರಂಗಕ್ಕೆ ಬರುವ ಮುನ್ನವೇ, ಶಾರ್ಪ್‌ಲೆಸ್ ಎಂಬ ಅಮೆರಿಕನ್ ರಾಯಭಾರಿಯು ಪಿಂಕರ್ಟನನಿಗೆ ಬುದ್ಧಿ ಹೇಳುತ್ತಾನೆ. ಈಚೆಗೆ ಆ ಹುಡುಗಿ ತನ್ನ ಕಚೇರಿಗೆ ಬಂದಿದ್ದಳೆಂದೂ, ತಾನು ಅವಳನ್ನು ಕಣ್ಣಿಂದ ಕಾಣಲಿಲ್ಲವೆಂದೂ, ಆದರೆ ಅವಳ ದನಿಯನ್ನು ಕೇಳಿದೆನೆಂದೂ, ಆ ದನಿಯೊಳಗಿನ ಏನೋ ಒಂದು ತನ್ನ ಅಂತರಂಗವನ್ನು ಮುಟ್ಟಿತೆಂದೂ, ಅವಳ ಪ್ರೀತಿಯು ಸಟೆಯಲ್ಲವೆಂದೂ ತಿಳಿಸುತ್ತಾನೆ. ಕಾಣದೆ, ಕೇಳಿದ ಮಾತ್ರಕ್ಕೆ, ಒಬ್ಬಳ ಸತ್ಯವನ್ನು ಗುರುತಿಸಿದವನು ಇಡೀ ನಾಟಕದಲ್ಲಿ ಅವನೊಬ್ಬನೇ. ಗ್ರಾಮಫೋನಿನ ಮುಂದೆ ಕುಳಿತ ನಾವೂ ಅವನ ಕುರ್ಚಿಯಲ್ಲಿಯೇ ಕುಳಿತಿರುತ್ತೇವೆ. ರಂಗದ ದೀಪಗಳಿಲ್ಲ, ಕಿಮೊನೊ ಇಲ್ಲ, ಮುಖವಿಲ್ಲ. ದನಿ ಮಾತ್ರ ಉಂಟು.

ಸಾಮಾನ್ಯವಾಗಿ ಕೇಳುವವರು ಎರಡನೆಯ ಅಂಕದ ಪ್ರಖ್ಯಾತವಾದ ಒಂದು ಹಾಡಿನಿಂದಲೇ ಗಾಯಕಿಯರನ್ನು ಅಳೆಯುತ್ತಾರೆ. ಒಂದು ದಿನ ದೂರದ ಸಮುದ್ರದಂಚಿನಲ್ಲಿ ಹೊಗೆ ಕಾಣಿಸುವುದು, ಹಡಗು ಬರುವುದು, ಅವನು ಗುಡ್ಡವನ್ನೇರಿ ಬರುವನು ಎಂದು ಅವಳು ಸುಜುಕಿಗೆ ಬಣ್ಣಿಸುವ ಹಾಡು ಅದು. ಅದನ್ನು ಬಿಡಿಯಾಗಿ ಹಾಡಿ ಮುದ್ರಿಸಿದವರಿಗೆ ಲೆಕ್ಕವಿಲ್ಲ. ಅದು ಎತ್ತರದ ಸ್ವರದಲ್ಲಿ ಮುಗಿಯುವುದರಿಂದ ಚಪ್ಪಾಳೆ ಖಂಡಿತ. ನನ್ನ ಅಭಿಪ್ರಾಯದಲ್ಲಿ ಅದು ತಕ್ಕ ಅಳತೆಗೋಲಲ್ಲ. ಒಳ್ಳೆಯ ಕಂಠವುಳ್ಳ ಯಾರೇ ಆಗಲಿ ಅಲ್ಲಿ ಗೆಲ್ಲಬಹುದು. ಅಳೆಯಬೇಕಾದ ಸ್ಥಳ ಬೇರೊಂದಿದೆ. ಅದು ಒಂದೆರಡು ನಿಮಿಷಕ್ಕಿಂತ ಉದ್ದವಿಲ್ಲದುದರಿಂದ ಅನೇಕರು ಅದನ್ನು ಗಮನಿಸುವುದೇ ಇಲ್ಲ.

ಮೊದಲನೆಯ ಅಂಕದಲ್ಲಿ ಮದುವೆಯ ರುಜುವಿಗೆ ಮುಂಚೆ ಹುಡುಗಿಯು ತನ್ನ ಆಸ್ತಿಯನ್ನೆಲ್ಲ ಕಿಮೊನೊದ ಅಗಲವಾದ ತೋಳುಗಳೊಳಗಿಂದ ಒಂದೊಂದಾಗಿ ತೆಗೆದು ಪಿಂಕರ್ಟನನಿಗೆ ತೋರಿಸುತ್ತಾಳೆ: ಕರವಸ್ತ್ರಗಳು, ಒಂದು ನಡುಪಟ್ಟಿ, ಕನ್ನಡಿ, ಬೀಸಣಿಗೆ, ತಂದೆಯ ಚೂರಿಯ ಕರಂಡ, ಪಿತೃಗಳ ಚಿಕ್ಕ ಪ್ರತಿಮೆಗಳು. ಬಣ್ಣದ ಭರಣಿಯೊಂದಕ್ಕೆ ಅವನು ಮುಖ ಸಿಂಡರಿಸಲು ಅದನ್ನು ಬಿಸುಡುತ್ತಾಳೆ. ಆಮೇಲೆ ಅವನನ್ನು ಒತ್ತಟ್ಟಿಗೆ ಕರೆದು, ನೆಂಟರ ಕಿವಿಗೆ ಬೀಳದಂತೆ, ತಾನು ನಿನ್ನೆ ಒಬ್ಬಳೇ ಗುಟ್ಟಾಗಿ ಮಿಶನ್ನಿಗೆ ಹೋಗಿದ್ದೆನೆಂದು ಹೇಳುತ್ತಾಳೆ. ಹೊಸ ಬಾಳುವೆಗೆ ಹೊಸ ಮತವನ್ನು ತೆಗೆದುಕೊಳ್ಳುವೆನೆಂದೂ, ಸನ್ಯಾಸಿಯಾದ ಸೋದರಮಾವನಿಗೆ ಇದು ತಿಳಿಯದೆಂದೂ, ಪಿಂಕರ್ಟನ್ ದೊರೆಯ ದೇವರಿಗೆ ತಾನು ನಮ್ರಳಾಗಿ ತಲೆಬಾಗುವೆನೆಂದೂ, ಅದೇ ಗುಡಿಯಲ್ಲಿ ಅವನ ಪಕ್ಕದಲ್ಲಿ ಮೊಣಕಾಲೂರುವೆನೆಂದೂ, ಅವನ ಸಂತೋಷಕ್ಕಾಗಿ ತನ್ನವರನ್ನೂ ಮರೆಯಬಲ್ಲೆನೆಂದೂ ಹೇಳುತ್ತಾಳೆ. ದೇವರ ಹೆಸರು ಅವಳಿಗೆ ಇನ್ನೂ ಬಾರದು. ಅವನು ಅವಳ ಪಾಲಿಗೆ ಪಿಂಕರ್ಟನನ ದೇವರು. ಮೇಳವು ಒಂದು ಕ್ಷಣ ಭೋರೆಂದು ಎದ್ದು, ಯಾರಾದರೂ ಕೇಳಿದರೋ ಎಂಬಂತೆ ಥಟ್ಟನೆ ಅಡಗುತ್ತದೆ.

ಈ ಸ್ಥಳವನ್ನು ಹಾಡುವವಳು ಒಂದು ಪ್ರಶ್ನೆಗೆ ಉತ್ತರ ಕೊಡದೆ ಹಾಡಲಾರಳು. ಹುಡುಗಿಯು ಇಲ್ಲಿ ನುಡಿಯುವುದು ಗಂಡನ ಮೇಲಿನ ಮೋಹವೋ, ದೇವರ ಮೇಲಿನ ವಿಶ್ವಾಸವೋ, ಅಥವಾ ಇವೆರಡಕ್ಕೂ ಭೇದವೇ ತಿಳಿಯದ ಎಳೆತನವೋ? ಸ್ವರಗಳನ್ನು ಬರೆದವನು ಮೂರಕ್ಕೂ ಎಡೆಗೊಟ್ಟಿದ್ದಾನೆ. ಆರು ಮಂದಿ ಗಾಯಕಿಯರು ಆರು ಬಗೆಯಾಗಿ ಉತ್ತರಿಸಿದ್ದಾರೆ.

ಮೊದಲನೆಯವಳು ತೋತಿ ದಾಲ್ ಮೊಂತೆ. ಇವಳ ಧ್ವನಿಮುದ್ರಿಕೆಯು ೧೯೩೯ರಲ್ಲಿ ರೋಮಿನಲ್ಲಿ ಓಲಿವಿಯೆರೊ ದೆ ಫಾಬ್ರೀತಿಸ್ ಎಂಬಾತನ ನಾಯಕತ್ವದಲ್ಲಿ ಆಯಿತು. ಆಗಿನ ಕಾಲದ ಪ್ಲೇಟುಗಳು ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದಷ್ಟು ಸಂಗೀತ ಹಿಡಿಸಿದರೆ ಹೆಚ್ಚು. ಎರಡು ಗಂಟೆಗೂ ಮೀರಿದ ಈ ನಾಟಕಕ್ಕೆ ೧೬ ಪ್ಲೇಟುಗಳು ಬೇಕಾದವು. ಕೇಳುವವರು ಕಣ್ಣೀರೊರಸಿಕೊಳ್ಳುವಷ್ಟರಲ್ಲಿ ಎದ್ದು ಪ್ಲೇಟನ್ನು ಮಗುಚಿ, ಮುಳ್ಳನ್ನು ಬದಲಿಸಿ, ಕೀಲಿ ಕೊಡಬೇಕಾಗಿತ್ತು. ಅದಕ್ಕಿಂತ ಹಿಂದೆ, ೧೯೨೫ರಲ್ಲಿ ವಿದ್ಯುತ್ತಿನ ಮೈಕ್ರೊಫೋನು ಬಳಕೆಗೆ ಬರುವ ಮುಂಚೆ, ಗಾಯಕರು ತಗಡಿನ ಕೊಳವೆಯೊಂದರ ಬಾಯಿಗೆ ಎದುರಾಗಿ ನಿಂತು ಹಾಡಬೇಕಾಗಿತ್ತು. ೧೯೦೭ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ನಾಟಕಶಾಲೆಯಲ್ಲಿ ಪುಚ್ಚೀನಿಯ ಎದುರಿಗೇ ಈ ಪಾತ್ರವನ್ನಾಡಿದ ಜೆರಾಲ್ಡೀನ್ ಫಾರಾರಳೂ ಅವಳ ಜೊತೆ ಹಾಡಿದ ಕರೂಸೊವೂ ಮುದ್ರಿಸಿರುವ ತುಣುಕುಗಳು ಅಂಥವು. ಆ ಸದ್ದಿನಲ್ಲಿ ಮೇಳವು ಪಕ್ಕದ ಮನೆಯಲ್ಲಿ ನುಡಿಯುವಂತೆ ಕೇಳುತ್ತದೆ.

ತೋತಿಗೆ ಆಗ ೪೬ ವರ್ಷ. ಮೊದಲನೆಯ ಅಂಕದಲ್ಲಿ ಅವಳು ಬೇಕೆಂದೇ ದನಿಯನ್ನು ಸಣ್ಣದಾಗಿ, ಬಿಳಿಚಾಗಿ, ಮಗುವಿನದರಂತೆ ಮಾಡಿಕೊಂಡಿದ್ದಾಳೆ. ಕೆಲವರಿಗೆ ಇದನ್ನು ಎರಡು ನಿಮಿಷವೂ ಸಹಿಸಲಾಗದು. ಕೆಲವರಿಗೆ ಬೇರೊಬ್ಬಳು ಬೇಡವೇ ಬೇಡ. ಮಿಶನ್ನಿನ ಮಾತನ್ನು ಇವಳು ಹೇಳುವುದನ್ನು ಕೇಳಿದರೆ, ಭಾನುವಾರದ ಶಾಲೆಯಲ್ಲಿ ಕಲಿತ ವಚನವನ್ನು ಅರ್ಥ ಕೇಳಬೇಡಿರೆಂಬ ಮುಖದಿಂದ ಒಪ್ಪಿಸುವ ಮಗುವಿನ ನೆನಪಾಗುತ್ತದೆ. ಎಳೆತನವೇ ಇವಳ ಉತ್ತರ. ಆದರೆ ಕಡೆಯ ಅಂಕದಲ್ಲಿ ಅದೇ ದನಿಯು ಬಲಿತು ನಿಲ್ಲುವಾಗ, ಆ ಮಗುವನ್ನು ಇಷ್ಟು ಬೇಗ ಹೀಗೆ ಬೆಳೆಯಿಸಿದವರಾರೆಂದು ಕೇಳಬೇಕೆನಿಸುತ್ತದೆ. ಪಿಂಕರ್ಟನನಾಗಿ ಹಾಡಿದವನು ಬೆನ್ಯಾಮೀನೊ ಜೀಲಿ. ಜೇನಿನಂಥ ಆ ಕಂಠದಿಂದ ಮೋಸಹೋಗದಿರಲು ಹುಡುಗಿಗೆ ಮಾತ್ರವಲ್ಲ, ನಮಗೂ ಕಷ್ಟ.

ಮರಿಯಾ ಕಾಲಸಳ ಧ್ವನಿಮುದ್ರಿಕೆಯು ೧೯೫೫ರ ಆಗಸ್ಟಿನಲ್ಲಿ ಮಿಲಾನಿನಲ್ಲಿ ಆಯಿತು. ಮೇಳನಾಯಕನು ಹೆರ್ಬರ್ಟ್ ಫಾನ್ ಕಾರಯಾನ್. ಪಿಂಕರ್ಟನ್ ನಿಕೊಲಾಯ್ ಗೆಡ್ಡಾ. ಅಷ್ಟರಲ್ಲಿ ದೀರ್ಘಕಾಲ ನುಡಿಯುವ ಪ್ಲೇಟುಗಳು ಬಂದಿದ್ದವು; ಅರ್ಧ ಅಂಕವನ್ನು ಕುಳಿತಲ್ಲಿಂದ ಏಳದೆ ಕೇಳಬಹುದಾಗಿತ್ತು. ಕಾಲಸಳದು ಸ್ವಭಾವತಃ ಗಂಭೀರವಾದ, ಕಪ್ಪು ಛಾಯೆಯ ಕಂಠ. ರಾಣಿಯರನ್ನೂ ಸೇಡು ತೀರಿಸುವವರನ್ನೂ ಹಾಡಿದ ಆ ಕಂಠವನ್ನು ಅವಳು ಇಲ್ಲಿ ಬಿಗಿಹಿಡಿದು ಹುಡುಗಿಯದಾಗಿ ಮಾಡಿಕೊಂಡಿದ್ದಾಳೆ. ತೋತಿಯಂತೆ ಮಗುವಾಗುವುದಿಲ್ಲ. ಮಿಶನ್ನಿನ ಮಾತನ್ನು ಹೇಳುವಾಗ ಇವಳಲ್ಲಿ ಅಂಜಿಕೆಯೇ ಮುಂದಾಗಿ ಕೇಳುತ್ತದೆ. ಬೆನ್ನ ಹಿಂದೆ ನಿಂತಿರುವ ನೆಂಟರು ನಮಗೂ ಕಾಣುತ್ತಾರೆ. ಎರಡನೆಯ ಅಂಕದಲ್ಲಿ ರಾಯಭಾರಿಯು, ಅವನು ಬಾರದಿದ್ದರೆ ಏನು ಮಾಡುವೆಯೆಂದು ಕೇಳಿದಾಗ, ಅವಳ ದನಿಯೊಳಗಿನ ಹುಡುಗಿಯು ಆ ಕ್ಷಣದಲ್ಲಿ ಸತ್ತುಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಇಷ್ಟು ಬುದ್ಧಿಯಿಂದ ಹಾಡಿದವರಿಲ್ಲ. ಆದರೆ ಆ ಬುದ್ಧಿಯು ಕೆಲಸ ಮಾಡುತ್ತಿರುವುದು ನಮಗೆ ಕೇಳುತ್ತಲೇ ಇರುತ್ತದೆಂಬುದು ನನ್ನ ತಕರಾರು. ರಂಗದ ಮೇಲೆ ಕಾಲಸಳು ಈ ಪಾತ್ರವನ್ನಾಡಿದ್ದು ಮೂರೇ ಸಲ, ಅದೇ ೧೯೫೫ರ ನವೆಂಬರಿನಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ.

ರೆನಾತಾ ತೆಬಾಲ್ದಿಯ ೧೯೫೮ರ ಧ್ವನಿಮುದ್ರಿಕೆಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕಂಠವು ಮಕಮಲ್ಲಿನಂತಿದೆ, ಎರಡು ಕಡೆಗಳಿಂದ ಕೇಳಿಸುವ ಸ್ಟೀರಿಯೊ ಎಂಬ ಹೊಸ ವಿಧಾನದಿಂದ ಮುದ್ರಿತವಾದುದರಿಂದ ಮೇಳವು ಕೋಣೆಯನ್ನೆಲ್ಲ ತುಂಬುತ್ತದೆ, ೮೦ ವರ್ಷ ಸಮೀಪಿಸಿದ್ದ ತುಲ್ಲಿಯೊ ಸೆರಾಫಿನನು ಗಾಯಕರಿಗೆ ಉಸಿರಾಡಲು ಎಡೆಗೊಟ್ಟು ನಡಿಸುತ್ತಾನೆ, ಕಾರ್ಲೊ ಬೆರ್ಗೊಂಜಿಯ ಪಿಂಕರ್ಟನನಲ್ಲಿ ಸಭ್ಯತೆಯುಂಟು. ಆದರೆ ತೆಬಾಲ್ದಿಯು ರಂಗಕ್ಕೆ ಬರುವಾಗಲೇ ಪ್ರಾಪ್ತವಯಸ್ಕಳಾದ ಗೃಹಿಣಿ. ತಾನೇನು ಮಾಡುತ್ತಿರುವೆನೆಂಬುದು ಅವಳಿಗೆ ಗೊತ್ತು. ಇವಳು ಮೋಸಹೋದಳೆಂದು ಮರುಗಬಹುದು. ಅರಿಯದೆ ಮೋಸಹೋದಳೆಂದು ನಂಬಲಾರೆವು. ಕಡೆಯ ಅಂಕದಲ್ಲಿ ಮಾತ್ರ ಅವಳ ಘನತೆಗೆ ಸರಿಸಮಾನರಿಲ್ಲ.

ವಿಕ್ಟೋರಿಯಾ ದೆ ಲೊಸ್ ಆಂಖೆಲೆಸ್ ಎಂಬವಳು ಸ್ಪೇನ್ ದೇಶದ ಬಾರ್ಸಿಲೋನಾದವಳು. ಹೆಸರಿನ ಅರ್ಥ ‘ದೇವದೂತರ’ ಎಂದು. ತಂದೆಯು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಟ್ಟಡ ಕಾಯುವ ಕೆಲಸದಲ್ಲಿದ್ದವನು. ಇವಳು ಈ ನಾಟಕವನ್ನು ಎರಡು ಸಲ ಪೂರ್ತಿಯಾಗಿ ಮುದ್ರಿಸಿದ್ದಾಳೆ, ೧೯೫೪ರಲ್ಲೊಮ್ಮೆ, ೧೯೫೯ರಲ್ಲೊಮ್ಮೆ. ನಾನು ಹೇಳುವುದು ಗಾಬ್ರಿಯೆಲೆ ಸಾಂತೀನಿಯ ನಾಯಕತ್ವದ ಎರಡನೆಯದನ್ನು. ಅದರಲ್ಲಿ ಪಿಂಕರ್ಟನನಾದ ಸ್ವೀಡನಿನ ಯುಸ್ಸಿ ಬ್ಯೋರ್ಲಿಂಗನು ಮರುವರ್ಷವೇ, ೧೯೬೦ರಲ್ಲಿ, ೪೯ನೆಯ ವಯಸ್ಸಿನಲ್ಲಿ ತೀರಿಕೊಂಡನು. ವಿಕ್ಟೋರಿಯಾಳು ಹುಡುಗಿಯಾಗಲಿಕ್ಕೆ ದನಿಯನ್ನು ಸಣ್ಣಗೆ ಮಾಡುವುದಿಲ್ಲ, ಮರೆಮಾಡುವುದಿಲ್ಲ. ಇದ್ದ ದನಿಯಲ್ಲಿಯೇ ಹಾಡುತ್ತಾಳೆ. ಅದರಲ್ಲಿ ಮುಗುಳುನಗೆ ಕೇಳಿಸುತ್ತದೆ. ಮಿಶನ್ನಿನ ಮಾತಿಗೆ ಬಂದಾಗ ಇವಳಲ್ಲಿ ಅಂಜಿಕೆಯೂ ಇಲ್ಲ, ಪಾಠ ಒಪ್ಪಿಸುವ ಬಗೆಯೂ ಇಲ್ಲ. ತಾನು ಕಂಡದ್ದನ್ನು ಕಂಡಂತೆ ಹೇಳುವ ಸಾಕ್ಷಿಯ ನೆಮ್ಮದಿಯುಂಟು. ದೇವರ ಮುಂದೆ ತಲೆಬಾಗುವೆನೆಂದು ಇವಳು ಹೇಳುವಾಗ ಪಿಂಕರ್ಟನನ ಹೆಸರು ಮಾತಿಗೆ ಬಂದ ಹೆಸರಷ್ಟೇ ಆಗಿ, ಅದರಾಚೆಗೆ ಅವಳು ಏನನ್ನೋ ನಿಜವಾಗಿ ಕಂಡಿರಬೇಕೆನಿಸುತ್ತದೆ. ಆರು ಮಂದಿಯಲ್ಲಿ ವಿಶ್ವಾಸವೇ ಉತ್ತರವಾದವಳು ಇವಳೊಬ್ಬಳು. ಮಿಶನ್ ಶಾಲೆಯವರು ಮೊದಲು ಕೇಳಬೇಕಾದುದು ಇದನ್ನು.

ಹಾಗಿದ್ದರೂ ಒಂದೇ ಒಂದನ್ನು ಇಟ್ಟುಕೊಳ್ಳಿರೆಂದರೆ ನಾನು ರೆನಾತಾ ಸ್ಕೊತ್ತೊ ಹಾಡಿರುವುದನ್ನು ಇಟ್ಟುಕೊಳ್ಳುವೆನು. ೧೯೬೬ರಲ್ಲಿ ರೋಮಿನ ಒಪೆರಾ ಮೇಳದೊಡನೆ ಜಾನ್ ಬಾರ್ಬಿರೋಲಿಯು ನಡಿಸಿದ ಧ್ವನಿಮುದ್ರಿಕೆ ಅದು. ಬಾರ್ಬಿರೋಲಿಯು ಲಂಡನಿನಲ್ಲಿ ಹುಟ್ಟಿದವನಾದರೂ ಅವನ ತಂದೆಯೂ ಅಜ್ಜನೂ ಲಾ ಸ್ಕಾಲಾದ ಮೇಳದಲ್ಲಿ ಪಿಟೀಲು ನುಡಿಸಿದವರು. ತಾನು ಸ್ವತಃ ಚೆಲ್ಲೊ ನುಡಿಸುತ್ತಿದ್ದವನು. ತಂತಿವಾದ್ಯಗಳು ಅವನ ಕೈಯಲ್ಲಿ ಮನುಷ್ಯರಂತೆ ನಿಟ್ಟುಸಿರಿಡುತ್ತವೆ. ಸ್ಕೊತ್ತೊಳ ಕಂಠವು ತೆಬಾಲ್ದಿಯದರಷ್ಟು ಸುಂದರವಲ್ಲ. ತಾರಸ್ಥಾಯಿಯಲ್ಲಿ ಸ್ವಲ್ಪ ಮೊನಚಾಗುತ್ತದೆ. ಆದರೆ ಅವಳು ಒಂದೊಂದು ಶಬ್ದಕ್ಕೂ ಅರ್ಥವನ್ನಿಟ್ಟು ಹಾಡುತ್ತಾಳೆ. ಮಿಶನ್ನಿನ ಮಾತಿನಲ್ಲಿ ಇವಳಿಗೆ ಮುಖ್ಯವಾದುದು ಕೊನೆಯ ತುಂಡು, ತನ್ನವರನ್ನು ಮರೆಯುವೆನೆಂಬುದು. ಅದನ್ನು ಹೇಳುವಾಗ ದನಿ ತುಸು ತಡವರಿಸುತ್ತದೆ. ತಾನು ತೆರಲಿರುವ ಬೆಲೆ ಎಷ್ಟೆಂದು ಎಣಿಸಿದವಳ ದನಿ ಅದು. ಕ್ಷಣಕಾಲದ ಬಳಿಕ ಸೋದರಮಾವನು ಬಂದು, ಮಿಶನ್ನಿನಲ್ಲಿ ಏನು ಮಾಡಿದೆಯೆಂದು ಗರ್ಜಿಸಿ, ನೆಂಟರೆಲ್ಲ ಅವಳನ್ನು ಕುಲದಿಂದ ಹೊರಗೆ ಹಾಕಿ ಹೋಗುವಾಗ, ಆ ಎಣಿಕೆಯು ಸರಿಯಾಗಿತ್ತೆಂದು ನಮಗೆ ತಿಳಿಯುತ್ತದೆ. ಮನೆಮಠಗಳನ್ನು ಬಿಟ್ಟು ಸಭೆಗೆ ಸೇರಿದ ಹಿರಿಯರ ವೃತ್ತಾಂತವನ್ನು ತಮ್ಮ ಮನೆಯಲ್ಲಿ ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಈ ತಡವರಿಕೆಯ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ.

ಇದೇ ಸ್ಕೊತ್ತೊ ಎರಡನೆಯ ಅಂಕದ ಆರಂಭದಲ್ಲಿ ಮಾಡುವುದನ್ನೂ ಗಮನಿಸಬೇಕು. ಮೂರು ವರ್ಷಗಳು ಕಳೆದಿವೆ, ಹಣ ಮುಗಿಯುತ್ತ ಬಂದಿದೆ. ಸುಜುಕಿಯು ತನ್ನ ದೇವತೆಗಳ ಮುಂದೆ ಗಂಟೆ ಬಾರಿಸುತ್ತಾ ಪ್ರಾರ್ಥಿಸುತ್ತಿದ್ದಾಳೆ. ಬಟರ್‌ಫ್ಲೈಯು ಅವಳನ್ನು ಹಾಸ್ಯಮಾಡಿ, ಜಪಾನಿನ ದೇವರುಗಳು ಬೊಜ್ಜು ಬೆಳೆಸಿದ ಸೋಮಾರಿಗಳೆಂದೂ, ಅಮೆರಿಕದ ದೇವರು ಮೊರೆಯಿಟ್ಟವರಿಗೆ ಬೇಗನೆ ಓಗೊಡುವನೆಂದೂ ಹೇಳುತ್ತಾಳೆ. ಹೇಳಿದವಳು ಸ್ವಲ್ಪ ತಡೆದು, ನಾವು ಇಲ್ಲಿ ವಾಸವಾ‍ಗಿರುವುದು ಆತನಿಗೆ ಗೊತ್ತಿಲ್ಲವೋ ಏನೋ ಎಂದು ಅಂಜುತ್ತಾಳೆ. ಬಹಳ ಮಂದಿ ಗಾಯಕಿಯರು ಇದನ್ನು ವಿನೋದದ ಮಾತಾಗಿ ದಾಟಿಹೋಗುತ್ತಾರೆ. ಸ್ಕೊತ್ತೊಳಲ್ಲಿ ನಗುವು ಅರ್ಧಕ್ಕೆ ನಿಂತುಹೋಗುತ್ತದೆ. ಇಡೀ ನಾಟಕದಲ್ಲಿ ಮಿಶನ್ನಿನವರೊಬ್ಬರೂ ರಂಗದ ಮೇಲೆ ಕಾಣಿಸಿಕೊಳ್ಳುವುದಿಲ್ಲವೆಂಬುದು ನನಗೆ ಹೊಳೆದದ್ದು ಈ ಧ್ವನಿಮುದ್ರಿಕೆಯನ್ನು ಕೇಳುವಾಗಲೇ. ಒಬ್ಬಳೇ ಬಂದು ಮೊಣಕಾಲೂರಿ ಹೋದ ಹುಡುಗಿಯು ಏನಾದಳೆಂದು ವಿಚಾರಿಸಲು ಪಾದ್ರಿಯಾಗಲಿ, ಅವರ ಪತ್ನಿಯಾಗಲಿ, ಬೈಬಲ್ ಸ್ತ್ರೀಯೊಬ್ಬಳಾಗಲಿ ಆ ಮೂರು ವರ್ಷಗಳಲ್ಲಿ ಗುಡ್ಡದ ಮನೆಗೆ ಬಂದರೆಂಬ ಸುದ್ದಿಯೇ ಇಲ್ಲ. ಮತ್ತೆ ಮತ್ತೆ ಬರುವವರೆಂದರೆ ದಲ್ಲಾಳಿಯಾದ ಗೋರೊ, ಅವನು ಕರೆತರುವ ಶ್ರೀಮಂತ ವರ, ಮತ್ತು ಕೆಟ್ಟ ಸುದ್ದಿಯ ಕಾಗದವನ್ನು ಹಿಡಿದು ಅದನ್ನು ಓದಲಾರದೆ ಕುಳಿತ ರಾಯಭಾರಿ.

ಆರನೆಯವಳಾದ ಮಿರೆಲ್ಲಾ ಫ್ರೇನಿಯ ಧ್ವನಿಮುದ್ರಿಕೆಯು ೧೯೭೪ರಲ್ಲಿ ವಿಯೆನ್ನಾ ನಗರದಲ್ಲಿ, ಮತ್ತೆ ಕಾರಯಾನನ ನಾಯಕತ್ವದಲ್ಲಿ, ಲುಚಾನೊ ಪವರೋತ್ತಿಯೊಡನೆ ಆಯಿತು. ಮೇಳದ ಸೊಗಸಿನಲ್ಲಿ ಇದನ್ನು ಮೀರಿದುದಿಲ್ಲ. ಹುಡುಗಿಯು ರಾತ್ರಿಯೆಲ್ಲ ಎಚ್ಚತ್ತು ನಿಂತಿರುವಾಗ ಬೆಳಗಾಗುವುದನ್ನು ಮೇಳವು ನುಡಿಸುತ್ತದೆ. ಅಲ್ಲಿ ವಿಯೆನ್ನಾದವರು ಬಂದರಿನ ನೀರಿನ ಮೇಲೆ ಬೆಳಕನ್ನೇ ಚೆಲ್ಲಿದಂತೆ ನುಡಿಸಿದ್ದಾರೆ. ಫ್ರೇನಿಯು ಈ ಪಾತ್ರವನ್ನು ರಂಗದ ಮೇಲೆ ಎಂದೂ ಆಡಲಿಲ್ಲ, ಕಂಠಕ್ಕೆ ಅಷ್ಟು ಭಾರವಾದುದೆಂದು. ಮೈಕ್ರೊಫೋನಿನ ಮುಂದೆ ಅವಳ ಮಿಶನ್ನಿನ ಮಾತು ಕೋಮಲವಾಗಿದೆ, ನಿರ್ದೋಷವಾಗಿದೆ. ಕಾರಯಾನನು ಕಾಲವನ್ನು ನಿಧಾನವಾಗಿ ಹಿಡಿದು ಪ್ರತಿಯೊಂದನ್ನೂ ಮೆರುಗಿಡುವುದರಿಂದ ದುಃಖವೂ ಒಂದು ಆಭರಣವಾಗಿಬಿಡುತ್ತದೆ. ನನಗೆ ಅದು ಅತಿಯೆನಿಸುತ್ತದೆ. ಮೊದಲ ಸಲ ಒಪೆರಾ ಕೇಳುವವರಿಗೆ ಹಿಡಿಸುವುದು ಮಾತ್ರ ಇದೇ.

ಇಲ್ಲಿ ನಮ್ಮ ಈಗಿನ ವಿದ್ಯಾರ್ಥಿನಿಯರಿಗೆ ಒಂದು ಎಚ್ಚರಿಕೆ. ಆರು ಮಂದಿಯಲ್ಲಿ ಒಬ್ಬಳೂ ೩೦ಕ್ಕಿಂತ ಕಿರಿಯಳಲ್ಲವೆಂಬುದನ್ನು ನೋಡಿರಿ. ಹದಿನೈದರ ಹುಡುಗಿಯ ಪಾತ್ರವನ್ನು ಹದಿನೈದರ ಕಂಠವು ಹಾಡಲಾರದು. ತುಂಬಿದ ಮೇಳದೆದುರಿಗೆ ಎರಡು ಅಂಕಗಳನ್ನು ಹೆಚ್ಚುಕಡಿಮೆ ಬಿಡುವಿಲ್ಲದೆ ಹಾಡಬೇಕಾಗುತ್ತದೆ. ಆದಕಾರಣ ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಪ್ರಖ್ಯಾತವಾದ ಹಾಡಿಗೆ ಕೈಹಾಕುವುದು ಬೇಡ. ಅದಕ್ಕೆ ಬದಲಾಗಿ ಎರಡನೆಯ ಅಂಕದ ಕೊನೆಯಲ್ಲಿ ಬರುವ ಮೂಕಗಾನವನ್ನು ಕಲಿಯಬಹುದು. ರಂಗದ ಹಿಂದಿನಿಂದ ಹೆಂಗಸರೂ ಗಂಡಸರೂ ತುಟಿ ಮುಚ್ಚಿಕೊಂಡು ಗುನುಗುವ ರಾಗ ಅದು. ಕೀರ್ತನೆಯ ರಾಗವನ್ನು ಗುನುಗಿ ಅಭ್ಯಾಸವುಳ್ಳವರಿಗೆ ಕಷ್ಟವೇನಿಲ್ಲ. ಅದನ್ನು ಕೇಳುವಾಗ ಒಂದು ವಿಶೇಷವನ್ನು ಗಮನಿಸಿರಿ. ಸ್ವಲ್ಪ ಹಿಂದೆ ರಾಯಭಾರಿಯು ಪಿಂಕರ್ಟನನ ಕಾಗದವನ್ನು ಓದಿ ಹೇಳಲು ತೊಡಗಿದಾಗ ಮೇಳವು ಮೆಲ್ಲಗೆ ನುಡಿಸುತ್ತಿದ್ದ ರಾಗವೇ ಇದು. ಕಾಗದದಲ್ಲಿದ್ದ ಮಾತು ಅವಳಿಗೆ ಆಗ ತಿಳಿಯದೆ ಹೋಯಿತು. ರಾಗವು ಅದನ್ನು ಮರಳಿ ತಂದು, ಮಾತಿಲ್ಲದೆ, ರಾತ್ರಿಯೆಲ್ಲ ಅವಳ ಸುತ್ತಲೂ ಗುನುಗುತ್ತದೆ. ಇದನ್ನು ಬಾರ್ಬಿರೋಲಿಯಷ್ಟು ಮೆಲ್ಲಗೆ ನಡಿಸಿದವರು ವಿರಳ.

ಪುಚ್ಚೀನಿಯು ಜಪಾನೀ ರಾಗಗಳನ್ನು ತಿಳಿಯುವುದಕ್ಕಾಗಿ ಇಟಲಿಯಲ್ಲಿದ್ದ ಜಪಾನಿನ ರಾಯಭಾರಿಯ ಪತ್ನಿಯನ್ನು ಕಂಡು ಹಾಡಿಸಿ ಕೇಳಿದ್ದನು. ಮದುವೆಯ ಅಧಿಕಾರಿಯು ಬರುವಾಗ ಕೇಳುವುದು ಜಪಾನಿನ ರಾಷ್ಟ್ರಗೀತೆಯ ರಾಗ. ಪಿಂಕರ್ಟನನು ಜಂಬ ಕೊಚ್ಚುವಾಗ ಕೇಳುವ ಅಮೆರಿಕನ್ ಗೀತೆಯು ಆ ದೇಶದ ರಾಷ್ಟ್ರಗೀತೆಯಾದುದು ೧೯೩೧ರಲ್ಲಿ; ಪುಚ್ಚೀನಿಯ ಕಾಲಕ್ಕೆ ಅದು ಅಲ್ಲಿಯ ನೌಕಾದಳದವರ ಗೀತೆಯಾಗಿತ್ತು. ಪಾಶ್ಚಾತ್ಯರು ಪೂರ್ವದೇಶದ ಹೆಣ್ಣನ್ನು ಹೂವಿನಂತೆ, ಚಿಟ್ಟೆಯಂತೆ, ಬಾಡಲಿಕ್ಕೇ ಹುಟ್ಟಿದವಳಂತೆ ಚಿತ್ರಿಸಿದರೆಂಬ ಆಕ್ಷೇಪಣೆಯು ಈ ನಾಟಕದ ಮೇಲೆ ಉಂಟು, ಅದು ನ್ಯಾಯವಾದುದೇ. ಆದರೂ ತಾಮಾಕಿ ಮಿಯುರಾ ಎಂಬ ಜಪಾನೀ ಗಾಯಕಿಯು ಮೊದಲನೆಯ ಮಹಾಯುದ್ಧದ ಕಾಲದಿಂದ ಯೂರೋಪು ಅಮೆರಿಕಗಳಲ್ಲಿ ಇದೇ ಪಾತ್ರದಿಂದ ಕೀರ್ತಿ ಪಡೆದಳು. ಅವಳ ಪ್ರತಿಮೆಯು ನಾಗಸಾಕಿಯ ಗುಡ್ಡದ ಮೇಲಿನ ಉದ್ಯಾನದಲ್ಲಿ ನಿಂತಿದೆ.

ಕೊನೆಯ ದೃಶ್ಯವನ್ನು ಕುರಿತು ಇಷ್ಟು ಹೇಳಿ ಮುಗಿಸುವೆನು. ಸಾಯುವ ಮುನ್ನ ಅವಳು ಬುದ್ಧನ ಪ್ರತಿಮೆಯೆದುರಿಗೆ ಮೊಣಕಾಲೂರುತ್ತಾಳೆ. ಆಮೇಲೆ ಓಡಿಬಂದ ಮಗುವನ್ನು ಅಪ್ಪಿಕೊಂಡು ಅದನ್ನೇ ತನ್ನ ಪುಟ್ಟ ದೇವರೆಂದು ಕರೆಯುತ್ತಾಳೆ. ಪಿಂಕರ್ಟನನ ದೇವರ ಹೆಸರು ಬರುವುದಿಲ್ಲ. ಕಾಲಸಳು ಇಲ್ಲಿ ಗಾಯಗೊಂಡ ಮೃಗದಂತೆ ಕೂಗುತ್ತಾಳೆ. ವಿಕ್ಟೋರಿಯಾಳು ಮಗುವನ್ನು ಬೆದರಿಸಬಾರದೆಂಬಂತೆ ಅಳುವನ್ನು ಅದುಮಿ ಹಾಡುತ್ತಾಳೆ. ಸ್ಕೊತ್ತೊಳಲ್ಲಿ ಇವೆರಡೂ ಇವೆ. ಬಳಿಕ ಹೊರಗಿನಿಂದ ಪಿಂಕರ್ಟನನು ಮೂರು ಸಲ ಅವಳ ಹೆಸರನ್ನು ಕೂಗುತ್ತಾನೆ. ಮೇಳದವರೆಲ್ಲರೂ ಒಂದೇ ರಾಗವನ್ನು ಗಟ್ಟಿಯಾಗಿ ನುಡಿಸಿ, ಒಂದು ಸ್ವರಮೇಳದ ಮೇಲೆ ನಿಲ್ಲುತ್ತಾರೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತು ಕೀರ್ತನೆಗಳನ್ನು ನುಡಿಸಿದವರಿಗೆ ಅದು ಕೂಡಲೇ ಗೊತ್ತಾಗುತ್ತದೆ: ಆಮೆನ್ ಎಂದು ಇಳಿಯಬೇಕಾದ ಮನೆಸ್ವರಕ್ಕೆ ಅದು ಇಳಿಯುವುದಿಲ್ಲ. ಬೇರೆ ಸ್ವರವೊಂದು ಒಳಗೆ ಸೇರಿಕೊಂಡು, ಇನ್ನೂ ಏನೋ ಬರಬೇಕಾಗಿದೆಯೆಂಬಂತೆ ಮೇಲೆಯೇ ನಿಂತುಬಿಡುತ್ತದೆ. ಬಾರ್ಬಿರೋಲಿಯು ಅದನ್ನು ಬಿಡಲೊಲ್ಲದವನಂತೆ ಹಿಡಿದಿರುತ್ತಾನೆ. ಆಮೇಲೆ ಮುಳ್ಳು ಉಜ್ಜುವ ಸದ್ದು ಮಾತ್ರ.